ಒಂಬತ್ತು ಜನ ಸೇರಿ ಹೆಲಿಕಾಪ್ಟರ್ ಮಾಡಲು ಹೊರಟೆವು

ನಮ್ಮ ಹೆಲಿಕಾಪ್ಟರ್ ಮೊದಲ ಸಲ ನೆಲ ಬಿಟ್ಟಾಗ ಏರಿದ್ದು ಅರ್ಧ ಅಡಿ. 11 ಸೆಕೆಂಡ್ ಅಲ್ಲೇ ತೂಗಾಡುತ್ತಾ ನಿಂತು ಮತ್ತೆ ಇಳಿಯಿತು. ನಾವೆಲ್ಲ ಕೂಗಾಡಿದೆವು, ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ಟೆಸ್ಟ್ ಪೈಲಟ್ ಮಾತ್ರ ನಿಧಾನವಾಗಿ ಹೆಲ್ಮೆಟ್ ತೆಗೆದು, "ಸರಿ, ಹತ್ತರಲ್ಲಿ ಒಂದು ಪಾಲು ಮುಗೀತು" ಅಂದರು. ಆಗ ಬೇಜಾರಾಗಿತ್ತು. ಅದಾಗಿ ಐದು ವರ್ಷವಾಗಿದೆ. ಅವರು ಕೊಂಚ ಧಾರಾಳವಾಗಿಯೇ ಲೆಕ್ಕ ಹಾಕಿದ್ದರು ಅಂತ ಈಗ ಅನಿಸುತ್ತದೆ.

ನಾನು ರೋಟರ್ ಮತ್ತು ಗೇರ್‌ಬಾಕ್ಸ್ ಕೆಲಸದವನು. ದೊಡ್ಡ ಕಂಪನಿಯೊಂದರಲ್ಲಿ 14 ವರ್ಷ ಕಂಪನದ ಲೆಕ್ಕ ಮಾಡಿಕೊಂಡಿದ್ದೆ. ಹಳೆಯ ಸಹೋದ್ಯೋಗಿಯೊಬ್ಬ ಬಂದು, "ಸ್ವಂತಕ್ಕೆ ಇಟ್ಟುಕೊಂಡು ಓಡಿಸುವವರಿಗಾಗಿ ನಾಲ್ಕು ಸೀಟಿನ ಹೊಸ ಹೆಲಿಕಾಪ್ಟರ್ ಮಾಡೋಣ, ಬರ್ತೀಯಾ?" ಅಂತ ಕೇಳಿದ. ಒಂದು ವಾರ ಯೋಚಿಸಿ ಹೊರಟೆ. ಹೀಗೆ ಒಂಬತ್ತು ಜನ ಸೇರಿದೆವು.

ಆಸೆ ಹುಟ್ಟಲು ಕಾರಣವಿತ್ತು. ಈ ವರ್ಗದಲ್ಲಿ ಇಂದಿಗೂ ಎಲ್ಲೆಡೆ ಕಾಣುವ ಯಂತ್ರ ರಾಬಿನ್ಸನ್ ಆರ್44. ಅದಕ್ಕೆ ಸರ್ಟಿಫಿಕೇಟ್, ಅಂದರೆ ಈ ವಿನ್ಯಾಸ ಸುರಕ್ಷಿತ ಅಂತ ಸರ್ಕಾರದ ಒಪ್ಪಿಗೆ, ಸಿಕ್ಕಿದ್ದು 1992ರಲ್ಲಿ. ಆಮೇಲೆ ಕಾರುಗಳು ಎಷ್ಟು ತಲೆಮಾರು ಬದಲಾದವು ನೋಡಿ! ಅಪಘಾತದಲ್ಲಿ ಜೀವ ಉಳಿಸುವ ಸೀಟು, ಕಂಪನವಿಲ್ಲದ ಕ್ಯಾಬಿನ್, ಕಡಿಮೆ ಸದ್ದು, ಒಳ್ಳೆಯ ಸ್ಕ್ರೀನ್‌ಗಳು, ಇವೆಲ್ಲ ಇರುವ ಹೊಸದೊಂದು ಬಂದರೆ ಕೊಳ್ಳುವವರು ಇದ್ದೇ ಇರುತ್ತಾರೆ ಅಂತ ನಮ್ಮ ನಂಬಿಕೆ. ಆ ನಂಬಿಕೆ ಸುಳ್ಳಾಗಿಲ್ಲ. ಇವತ್ತಿಗೂ ವಾರಕ್ಕೆ ಮೂರ್ನಾಲ್ಕು ಜನ ಫೋನ್ ಮಾಡಿ ಯಾವಾಗ ಸಿಗುತ್ತದೆ ಅಂತ ಕೇಳುತ್ತಾರೆ.

ಧೈರ್ಯಕ್ಕೆ ಫ್ರಾಂಕ್ ರಾಬಿನ್ಸನ್ ಅವರ ಕತೆಯೇ ಇತ್ತಲ್ಲ. ದೊಡ್ಡ ಕಂಪನಿಗಳಲ್ಲಿ ದುಡಿದು, ಅಲ್ಲಿ ಯಾರಿಗೂ ಸಣ್ಣ ಹೆಲಿಕಾಪ್ಟರ್ ಬೇಡವಾದಾಗ 1973ರಲ್ಲಿ ಮನೆಯಲ್ಲೇ ಕಂಪನಿ ಶುರು ಮಾಡಿದರು. 1975ರಲ್ಲಿ ಆರ್22 ಹಾರಿತು, 1979ರಲ್ಲಿ ಸರ್ಟಿಫಿಕೇಟ್ ಬಂತು. ಹಾರಿದ್ದಕ್ಕೂ ಸರ್ಟಿಫಿಕೇಟ್‌ಗೂ ನಡುವೆ ಮೂರೂವರೆ ವರ್ಷ. ನಾವು ಅದನ್ನೇ ಗೋಡೆಗೆ ಅಂಟಿಸಿಕೊಂಡಿದ್ದೆವು. ಅಂಟಿಸಬೇಕಾಗಿದ್ದು ಬೇರೆ ಲೆಕ್ಕ. ಫ್ರಾನ್ಸಿನ ಬ್ರೂನೊ ಗಿಂಬಾಲ್ ಅವರ ಎರಡು ಸೀಟಿನ ಕ್ಯಾಬ್ರಿ ಮೊದಲು ಹಾರಿದ್ದು 1992ರಲ್ಲಿ, ಸರ್ಟಿಫಿಕೇಟ್ ಬಂದದ್ದು 2007ರ ಕೊನೆಗೆ. ಅವರೂ ಸಾಮಾನ್ಯ ಎಂಜಿನಿಯರ್ ಅಲ್ಲ.

ಮೊದಲ ಜಗಳ ಎಂಜಿನ್ ಬಗ್ಗೆ. ನಮ್ಮಲ್ಲಿ ಇಬ್ಬರಿಗೆ ಸ್ವಂತ ಟರ್ಬೈನ್ ಮಾಡುವ ಹುಚ್ಚು. ಬ್ರಿಟನ್ನಿನ ಹಿಲ್ ಹೆಲಿಕಾಪ್ಟರ್ಸ್ ಆ ದಾರಿ ಹಿಡಿದಿದೆ, ಎಂಜಿನ್ನನ್ನೂ ತಾವೇ ಮಾಡಿಕೊಳ್ಳುತ್ತೇವೆ ಅಂದಿದೆ. ನಾನು ಅಡ್ಡ ನಿಂತೆ. ಹೊಸ ಎಂಜಿನ್ ಅಂದರೆ ಅದೇ ಇನ್ನೊಂದು ಕಂಪನಿ, ಇನ್ನೊಂದು ಸರ್ಟಿಫಿಕೇಟ್. ಸಣ್ಣ ಟರ್ಬೈನ್ ಹಗುರ, ನಡುಕವಿಲ್ಲದೆ ತಿರುಗುತ್ತದೆ, ನಿಜ. ಆದರೆ ಅದೇ ಅಶ್ವಶಕ್ತಿಗೆ ಪಿಸ್ಟನ್‌ಗಿಂತ ಜಾಸ್ತಿ ಇಂಧನ ಕುಡಿಯುತ್ತದೆ. ಕೊನೆಗೆ ಮಾರುಕಟ್ಟೆಯಲ್ಲಿ ಸಿಗುವ ಆರು ಸಿಲಿಂಡರಿನ ಪಿಸ್ಟನ್ ಎಂಜಿನ್ ತಂದೆವು. ನಾನು ಗೆದ್ದ ಜಗಳಗಳಲ್ಲಿ ಇದೊಂದರ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ.

ಆಮೇಲೆ ತೂಕ. ಕಾಗದದ ಮೇಲೆ ನಮ್ಮ ಯಂತ್ರ ತುಂಬಿದಾಗ 1150 ಕಿಲೋ, ರೋಟರ್ ವ್ಯಾಸ 10 ಮೀಟರ್. ಸೀಟಿನವರು ಬಂದು ನಾಲ್ಕು ಕಿಲೋ ಕೇಳಿದರು, ಇಂಧನ ಟ್ಯಾಂಕಿನವರು ಆರು, ವೈರಿಂಗಿನವರು ಕೇಳಲೇ ಇಲ್ಲ, ಸುಮ್ನೆ ಸೇರಿಸಿದರು. ಹನಿ ಹನಿ ಕೂಡಿ 58 ಕಿಲೋ ಆಯಿತು. ಐದು ಪರ್ಸೆಂಟ್ ತಾನೇ ಅನ್ನಬಹುದು. ಗಾಳಿಯಲ್ಲಿ ನಿಂತಲ್ಲೇ ನಿಲ್ಲಲು ಬೇಕಾದ ಶಕ್ತಿ ತೂಕದ ಒಂದೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. ತೂಕ 5 ಪರ್ಸೆಂಟ್ ಏರಿದರೆ ಶಕ್ತಿ ಏಳೂವರೆ ಪರ್ಸೆಂಟ್ ಹೆಚ್ಚು ಬೇಕು. ಬಿಸಿಲಿನ ದಿನ, ಎತ್ತರದ ಜಾಗ ಅಂದರೆ ಗಾಳಿ ತೆಳು, ಎಂಜಿನ್ನಿಗೂ ಸುಸ್ತು. ಅಲ್ಲಿಗೆ ನಾಲ್ಕನೇ ಸೀಟಿನಲ್ಲಿ ಮನುಷ್ಯನ ಬದಲು ಬ್ಯಾಗು ಕೂರಬೇಕಾಯಿತು. ಏರಿದ ತೂಕವನ್ನು ವಾಪಸ್ ಇಳಿಸಲು ಒಂದು ವರ್ಷ ಹಿಡಿಯಿತು. ಒಂದೊಂದು ಬೋಲ್ಟನ್ನೂ ತೂಗಿದೆವು.

ಈಗ ಗ್ರೌಂಡ್ ರೆಸೊನೆನ್ಸ್ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಆ ದಿನ ನಮ್ಮ ಕಂಪನಿ ಮುಗಿದೇ ಹೋಗುತ್ತಿತ್ತು.

ನಮ್ಮದು ಮೂರು ಬ್ಲೇಡಿನ ರೋಟರ್. ಪ್ರತಿ ಬ್ಲೇಡೂ ಹಿಂಜಿನ ಮೇಲೆ ಕೊಂಚ ಹಿಂದೆ ಮುಂದೆ ಆಡುತ್ತದೆ. ಆಡದಿದ್ದರೆ ಬುಡದಲ್ಲೇ ಮುರಿಯುತ್ತದೆ. ಆದರೆ ಮೂರೂ ಒಂದೇ ಅಂತರದಲ್ಲಿ ಇರದೆ ಎರಡು ಹತ್ತಿರ ಬಂದುಬಿಟ್ಟರೆ ರೋಟರಿನ ತೂಕದ ನಡು ಪಕ್ಕಕ್ಕೆ ಸರಿಯುತ್ತದೆ, ಇಡೀ ಯಂತ್ರವನ್ನು ಅಲುಗಿಸುತ್ತದೆ. ಯಂತ್ರ ಸ್ಕಿಡ್ ಮೇಲೆ, ಅಂದರೆ ನೆಲಕ್ಕೆ ತಾಗುವ ಕೊಳವೆ ಕಾಲುಗಳ ಮೇಲೆ, ತೊಟ್ಟಿಲಿನ ಹಾಗೆ ತೂಗುತ್ತದೆ. ಆ ತೂಗಾಟದ ಲಯ ಬ್ಲೇಡುಗಳ ಆಟಕ್ಕೆ ಕೂಡಿತೋ, ಒಂದು ಇನ್ನೊಂದನ್ನು ಏರಿಸುತ್ತಾ ಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಹೆಲಿಕಾಪ್ಟರ್ ನೆಲದ ಮೇಲೆಯೇ ಚೂರಾಗಬಹುದು. ನಾಸಾಗೂ ಮುಂಚೆ ಅಮೆರಿಕದಲ್ಲಿದ್ದ ವಿಮಾನ ಸಂಶೋಧನೆಯ ನಾಕಾ ಸಂಸ್ಥೆಯ ಕೋಲ್ಮನ್ 1940ರ ದಶಕದಲ್ಲೇ ಇದರ ಗಣಿತ ಬರೆದಿಟ್ಟಿದ್ದಾರೆ. ಹದಿನಾಲ್ಕು ವರ್ಷ ನಾನು ಮಾಡಿದ್ದೂ ಅದೇ ಲೆಕ್ಕವನ್ನೇ. ನಮ್ಮ ಯಂತ್ರದ ಲೆಕ್ಕವೂ ಸರಿಯಿತ್ತು. ಸ್ಕಿಡ್ ಮೇಲಿನ ತೂಗಾಟದ ಲಯವನ್ನು ಕೆಳಗಿಟ್ಟು, ರೋಟರ್ ಇನ್ನೂ ಮೆಲ್ಲಗೆ ತಿರುಗುವಾಗಲೇ ಆ ಅಪಾಯ ದಾಟಿಹೋಗುವಂತೆ ಮಾಡಿದ್ದೆ.

ಮೊದಲ ರನ್ ದಿನ, ಎಲ್ಲಿ ಮೇಲೆದ್ದುಬಿಡುತ್ತದೋ ಅಂತ ಸರಪಳಿ ಹಾಕಿ ಕಾಂಕ್ರೀಟಿಗೆ ಬಿಗಿದೆವು. ಅರ್ಧ ವೇಗದವರೆಗೆ ಬೆಣ್ಣೆಯ ಹಾಗೆ ಹೋಯಿತು. 70 ಪರ್ಸೆಂಟ್ ದಾಟುತ್ತಿದ್ದಂತೆ ಬಾಲ ಪಕ್ಕಕ್ಕೆ ಹೊಯ್ದಾಡಿತು. ಮರುಕ್ಷಣ ಇನ್ನೂ ಜೋರು. ಸರಪಳಿಗಳು ಟಣ್ ಟಣ್ ಅಂತ ಬಡಿದುಕೊಳ್ಳತೊಡಗಿದವು. ಪೂರ್ತಿ ವೇಗದಲ್ಲಿದ್ದರೆ ಪೈಲಟ್ ತಟ್ಟನೆ ಮೇಲೇರುತ್ತಾರೆ. ನೆಲ ಬಿಟ್ಟರೆ ತೂಗಾಟವಿಲ್ಲ. ನಾವು ಕಟ್ಟಿಹಾಕಿದ್ದೆವಲ್ಲ! ಅವರು ಥ್ರಾಟಲ್ ಮುಚ್ಚಿ, ಕಲೆಕ್ಟಿವ್ (ಎಲ್ಲ ಬ್ಲೇಡುಗಳ ಓರೆಯನ್ನು ಒಟ್ಟಿಗೆ ಬದಲಿಸುವ ಹಿಡಿಕೆ) ತಳಕ್ಕೊತ್ತಿ ಕಾದರು. ನಿಂತಿತು. ಬ್ಲೇಡಿನ ಆಟವನ್ನು ಹಿಡಿದಿಡುವ ಒಂದು ಡ್ಯಾಂಪರ್ ಹರಿದಿತ್ತು, ಬಾಲದ ಬುಡದಲ್ಲಿ ಬಿರುಕು ಬಿಟ್ಟಿತ್ತು.

ಎರಡು ರಾತ್ರಿ ನಿದ್ದೆಯಿಲ್ಲ. ಲೆಕ್ಕ ಮತ್ತೆ ಮಾಡಿದೆ, ಮತ್ತೂ ಸರಿಯೇ ಬಂತು. ಮೂರನೇ ದಿನ ನಮ್ಮ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್, "ಸರ್, ಸರಪಳಿಯನ್ನೂ ಲೆಕ್ಕಕ್ಕೆ ತಗೊಂಡಿದ್ದೀರಾ?" ಅಂತ ಕೇಳಿದರು. ತಗೊಂಡಿರಲಿಲ್ಲ. ಬಿಗಿದ ಸರಪಳಿ ಸ್ಕಿಡ್ಡಿಗೆ ಬಿಗಿತ ಸೇರಿಸಿ, ತೂಗಾಟದ ಲಯವನ್ನು ಸರಿಯಾಗಿ 70 ಪರ್ಸೆಂಟ್ ವೇಗದ ಬಾಯಿಗೆ ತಂದಿಟ್ಟಿತ್ತು. ಕಾಪಾಡಲಿ ಅಂತ ಕಟ್ಟಿದ್ದೇ ಕೊಲ್ಲಲು ಬಂದಿತ್ತು. ಅಂದಿನಿಂದ ನೆಲದ ಪರೀಕ್ಷೆಗೆ ಯಾರು ಏನು ಕಟ್ಟಿದರೂ, ಒಂದು ಹಗ್ಗವಾದರೂ, ನನ್ನ ಸಹಿ ಬೇಕು.

ರೋಟರಿನಲ್ಲಿ ಇನ್ನೊಂದು ಎಳೆದಾಟ ಇತ್ತು. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಲೆಕ್ಟಿವ್ ಇಳಿಸಿದರೆ ಕೆಳಗಿನಿಂದ ಬರುವ ಗಾಳಿಯೇ ರೋಟರ್ ತಿರುಗಿಸುತ್ತದೆ, ನೆಲದ ಹತ್ತಿರ ಆ ತಿರುಗಾಟದ ಶಕ್ತಿಯನ್ನೇ ಖರ್ಚು ಮಾಡಿ ಮೆತ್ತಗೆ ಇಳಿಯಬಹುದು. ಇದೇ ಆಟೊರೊಟೇಶನ್. ಆದರೆ ಬ್ಲೇಡು ಹಗುರವಾದಷ್ಟೂ ವೇಗ ಬೇಗ ಕುಸಿಯುತ್ತದೆ, ಪೈಲಟ್‌ಗೆ ಯೋಚಿಸಲು ಸಮಯವೇ ಇಲ್ಲ. ವಾರಾಂತ್ಯಕ್ಕೊಮ್ಮೆ ಹಾರುವ ಮಾಲೀಕ, ಪಕ್ಕದವರ ಜೊತೆ ಮಾತಾಡುತ್ತಿರುವವನು, ಅವನಿಗೆ ಇನ್ನೊಂದು ಸೆಕೆಂಡ್ ಕೊಡಬೇಕು ಅಂತ ನನ್ನ ಹಟ. ಪ್ರತಿ ಬ್ಲೇಡಿನ ತುದಿಗೆ ಒಂದೂವರೆ ಕಿಲೋ ಸೇರಿಸಿದೆ. 24 ಕಿಲೋ ಬ್ಲೇಡಿಗೆ ಅದು 6 ಪರ್ಸೆಂಟ್ ತೂಕ, ಆದರೆ ತಿರುಗಾಟದ ಜಡತ್ವ 18 ಪರ್ಸೆಂಟ್ ಏರಿತು. ಒಳ್ಳೆಯ ವ್ಯಾಪಾರ ಅಲ್ವಾ? ನಿಮಿಷಕ್ಕೆ 400 ಸುತ್ತು ತಿರುಗುವಾಗ ಆ ಒಂದೂವರೆ ಕಿಲೋ ಬುಡವನ್ನು 1.3 ಟನ್ ಬಲದಿಂದ ಎಳೆಯುತ್ತದೆ. ಬ್ಲೇಡಿನದೇ ಎಳೆತ ಹತ್ತು ಟನ್ ದಾಟಿತ್ತು. ಬ್ಲೇಡುಗಳೆಲ್ಲ ಸೇರುವ ನಡುವಿನ ಹಬ್ ಮತ್ತೆ ಮಾಡಬೇಕಾಯಿತು. ತೂಕದ ಪಟ್ಟಿ ಹಿಡಿದವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಎತ್ತು ಏರಿಗೆ, ಕೋಣ ನೀರಿಗೆ. ಈ ಕೆಲಸ ಪೂರ್ತಿ ಹೀಗೇ.

ಪೈಲಟ್‌ಗಳ ಮಾತಿನಲ್ಲಿ ಹೇಳುವುದಾದರೆ ನಮ್ಮ ಡೆಡ್ ಮ್ಯಾನ್ಸ್ ಕರ್ವ್ ಚಿಕ್ಕದಾಯಿತು. ಅಂದರೆ ಎಂಜಿನ್ ಕೈಕೊಟ್ಟರೆ ಸುರಕ್ಷಿತವಾಗಿ ಇಳಿಯಲಾಗದ ಎತ್ತರ, ವೇಗಗಳ ಜಾಗ ಕಡಿಮೆಯಾಯಿತು. ಇದು ಬ್ರೋಷರ್‌ನಲ್ಲಿ ಮಿಂಚುವ ವಿಷಯವಲ್ಲ. ಹೂಡಿಕೆದಾರರಿಗೆ ತೋರಿಸಿದಾಗ ಒಬ್ಬರು, "ಸ್ಕ್ರೀನ್ ಎಷ್ಟು ದೊಡ್ಡದು?" ಅಂತ ಕೇಳಿದರು.

ಸರ್ಟಿಫಿಕೇಟ್ ವಿಷಯಕ್ಕೆ ಬರುತ್ತೇನೆ. 3175 ಕಿಲೋ ಒಳಗಿನ ಹೆಲಿಕಾಪ್ಟರಿಗೆ ಅಮೆರಿಕದಲ್ಲಿ ಪಾರ್ಟ್ 27, ಯುರೋಪಿನಲ್ಲಿ ಸಿಎಸ್-27 ಅನ್ನುವ ನಿಯಮಗಳು. ಓದಲು ಚಿಕ್ಕ ಪುಸ್ತಕ. ಒಂದೊಂದು ಸಾಲಿನ ಹಿಂದೆ ಒಂದೊಂದು ವರ್ಷ ಕೂತಿರುತ್ತದೆ. ಸೀಟಿಗೆ ಎರಡು ಸಾಲು ಇದೆ ಅಂದುಕೊಳ್ಳಿ, ಅದಕ್ಕಾಗಿ ಬೊಂಬೆ ಕೂರಿಸಿ ಕೆಳಮುಖವಾಗಿ 30 ಜಿ (ಭೂಮಿಯ ಸೆಳೆತದ 30 ಪಟ್ಟು) ಹೊಡೆತ ಕೊಟ್ಟು ಬೆನ್ನುಮೂಳೆ ಉಳಿಯುತ್ತದೆ ಅಂತ ತೋರಿಸಬೇಕು. ಬ್ಲೇಡಿನ ಬುಡ, ಹಬ್, ಕಂಟ್ರೋಲ್ ರಾಡ್, ಮುರಿದರೆ ಜೀವ ಹೋಗುವ ಪ್ರತಿಯೊಂದಕ್ಕೂ ಆಯಾಸ ಪರೀಕ್ಷೆ, ಅಂದರೆ ಮತ್ತೆ ಮತ್ತೆ ಬಲ ಹಾಕಿ ಯಾವಾಗ ಮುರಿಯುತ್ತದೆ ಅಂತ ನೋಡುವುದು. ಒಂದು ಮುರಿದು ತೋರಿಸಿದರೆ ಸಾಲದು, ಹಲವು ಮುರಿಯಬೇಕು, ಅದರ ಮೇಲೆ ಇಷ್ಟು ಗಂಟೆಗೆ ಬಿಸಾಡಿ ಅಂತ ಆಯುಷ್ಯ ಬರೆಯಬೇಕು. ಒಂದು ಸಲ ಬ್ಲೇಡಿಗೆ ಬಳಸುವ ಅಂಟನ್ನು ಮಾಡುವವರು ಅದರ ಮಿಶ್ರಣ ಬದಲಿಸಿದರು. ಹೊಸದು ಹಳೆಯದಕ್ಕಿಂತ ಚೆನ್ನಾಗಿಯೇ ಇತ್ತು. ಆದರೇನು, ಸಣ್ಣ ತುಂಡಿನಿಂದ ಹಿಡಿದು ಪೂರ್ತಿ ಬ್ಲೇಡಿನವರೆಗೆ ಪರೀಕ್ಷೆಗಳೆಲ್ಲ ಮತ್ತೆ. ಎಂಟು ತಿಂಗಳು.

ದೊಡ್ಡವರೂ ಯಾಕೆ ಹೊಸದಕ್ಕೆ ಕೈ ಹಾಕುವುದಿಲ್ಲ ಅಂತ ಆಗ ಅರ್ಥವಾಯಿತು. ಬೆಲ್ 505 ನೋಡಲು ಪೂರ್ತಿ ಹೊಸದು, ಆದರೆ ಅದರ ರೋಟರ್, ಗೇರ್‌ಬಾಕ್ಸ್ ಹಳೆಯ 206ಎಲ್4ರಿಂದ ಬಂದದ್ದು. ಮೊದಲು ಅದನ್ನು ಸೋಮಾರಿತನ ಅಂದುಕೊಂಡಿದ್ದೆ. ಈಗ ಅದು ಬುದ್ಧಿವಂತಿಕೆ ಅನಿಸುತ್ತದೆ.

ಪಕ್ಕದ ದಾರಿಯೊಂದಿದೆ. ಕೊಂಡವನೇ ಅರ್ಧಕ್ಕಿಂತ ಹೆಚ್ಚು ಕೆಲಸ ಕೈಯಾರೆ ಮಾಡಿದರೆ ಹವ್ಯಾಸಿ ಕಟ್ಟಿದ ಯಂತ್ರ ಅಂತ ನೋಂದಾಯಿಸಬಹುದು. 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ಬೇಗ ಮಾರಬಹುದು, ದುಡ್ಡೂ ಓಡಾಡುತ್ತದೆ. ಬಾಡಿಗೆ ಹಾರಾಟಕ್ಕೆ ಬಳಸುವಂತಿಲ್ಲ, ಅಷ್ಟೇ. ಎರಡು ಸಲ ಆ ದಾರಿಗೆ ಹೊರಟು ಎರಡು ಸಲವೂ ವಾಪಸ್ ಬಂದೆವು. ಗೇರ್‌ಬಾಕ್ಸನ್ನು ನಾನೇ ಪೂರ್ತಿ ನಂಬದೆ ಇನ್ನೊಬ್ಬನ ಕೈಗೆ ಹೇಗೆ ಕೊಡಲಿ?

ದುಡ್ಡಿನ ಕತೆ ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲ ಕಡೆ ಒಂದೇ ತರಹ. ಮೊದಲ ಹಾರಾಟದ ವಿಡಿಯೋ ನೋಡಿ ದುಡ್ಡು ಬರುತ್ತದೆ. ಆಮೇಲಿನ ವರ್ಷಗಳಲ್ಲಿ ತೋರಿಸಲು ಏನೂ ಇರುವುದಿಲ್ಲ, ಆದರೆ ಖರ್ಚು ಆಗಲೇ ಜಾಸ್ತಿ. ಸ್ವಿಟ್ಜರ್ಲೆಂಡಿನ ಕಾಪ್ಟರ್ ಅನ್ನುವ ಕಂಪನಿ 2007ರಲ್ಲಿ ಶುರುವಾಗಿ 2014ರಲ್ಲಿ ತನ್ನ ಹೆಲಿಕಾಪ್ಟರ್ ಹಾರಿಸಿತು. 2020ರಲ್ಲಿ ಇಟಲಿಯ ದೊಡ್ಡ ಕಂಪನಿ ಲಿಯೊನಾರ್ಡೊ ಅದನ್ನು ಕೊಂಡುಕೊಂಡಾಗಲೂ ಸರ್ಟಿಫಿಕೇಟ್ ಬಂದಿರಲಿಲ್ಲ. ನಮ್ಮಲ್ಲೂ ಒಮ್ಮೆ ನಾಲ್ಕು ತಿಂಗಳು ಸಂಬಳ ನಿಂತಿತು. ಒಂಬತ್ತರಲ್ಲಿ ಮೂವರು ಹೋದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಗ್ರಾಹಕರ ಮುಂಗಡ ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿತ್ತು. ಅದನ್ನು ಮುಟ್ಟೋಣ ಅಂತ ಮಾತು ಬಂತು, ಮುಟ್ಟಲಿಲ್ಲ. ಮುಟ್ಟಿದ್ದರೆ ಆ ಫೋನುಗಳನ್ನು ಎತ್ತಲು ನನಗೆ ಮುಖ ಇರುತ್ತಿರಲಿಲ್ಲ.

ಉಳಿದದ್ದು ಗೇರ್‌ಬಾಕ್ಸ್. ತಿರುಗಾಟದ ದಿಕ್ಕು ಬದಲಿಸುವ ಬೆವೆಲ್ ಗೇರಿನ ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿದರೆ ಎಲ್ಲಿ ತಾಗುತ್ತದೆ ಅಂತ ಗುರುತು ಮೂಡುತ್ತದೆ. ಮೇಜಿನ ಮೇಲೆ ಗುರುತು ಹಲ್ಲಿನ ನಡುವೆಯೇ ಚೆನ್ನಾಗಿ ಬರುತ್ತಿತ್ತು. ಪೂರ್ತಿ ಶಕ್ತಿ ಹಾಕಿ ಬಿಸಿಯಾದಾಗ ಅಲ್ಯೂಮಿನಿಯಂ ಕವಚ ಕೂದಲೆಳೆಯಷ್ಟು ಬಾಗಿ ಹಿಗ್ಗುತ್ತದೆ, ಗುರುತು ಅಂಚಿಗೆ ಓಡುತ್ತದೆ. ಇದಕ್ಕಾಗಿ ಕವಚವನ್ನು ಮೂರು ಸಲ ಬದಲಿಸಿದೆವು. ನಿಯಮದ ಪ್ರಕಾರ ಇಡೀ ರೋಟರ್ ಡ್ರೈವನ್ನು ಹೆಲಿಕಾಪ್ಟರಿನಲ್ಲೇ ಕೂರಿಸಿ, ಅದರದೇ ರೋಟರ್ ಹಾಕಿ, ಕಡಿಮೆಯೆಂದರೂ 100 ಗಂಟೆ ಓಡಿಸಬೇಕು. ಮುಗಿದ ಮೇಲೆ ಬಿಚ್ಚಿದರೆ ಎಲ್ಲ ಭಾಗವೂ ಬಳಸುವ ಸ್ಥಿತಿಯಲ್ಲಿರಬೇಕು.

ಹೋದ ಸಲ 87ನೇ ಗಂಟೆಯಲ್ಲಿ ಚಿಪ್ ದೀಪ ಹೊತ್ತಿಕೊಂಡಿತು. ಎಣ್ಣೆಯಲ್ಲಿ ಲೋಹದ ಚೂರು ಬಂದರೆ ಹಿಡಿಯುವ ಅಯಸ್ಕಾಂತದ ಪ್ಲಗ್ ಇದೆ, ಅದರ ದೀಪ ಇದು. ಬರೀ ಕಪ್ಪು ಪುಡಿಯಾದರೆ ಒರೆಸಿ ಮುಂದುವರಿಸಬಹುದು. ಪ್ಲಗ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಒರೆಸಿದೆ. ಪುಡಿಯ ನಡುವೆ ಉಗುರಿನ ಚೂರಿನಷ್ಟು ಹೊಳೆಯುವ ಪದರ. ಬೇರಿಂಗಿನದು. ಹಿರಿಯ ಮೆಕ್ಯಾನಿಕ್ ಭೂತಗನ್ನಡಿ ಇಟ್ಟು ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಬೇರಿಂಗ್ ಬದಲಾಯಿತು, ಎಣ್ಣೆ ಹೋಗುವ ತೂತು ಅರ್ಧ ಮಿಲಿಮೀಟರ್ ದೊಡ್ಡದಾಯಿತು, ಗಂಟೆಯ ಮೀಟರ್ ಸೊನ್ನೆಗೆ ಬಂತು.

ಇವತ್ತಿಗೆ 41 ಗಂಟೆ. ಪ್ಲಗ್ ಬೆಳಿಗ್ಗೆ ಬಿಚ್ಚಿ ನೋಡಿದೆವು, ಬರೀ ಪುಡಿ.