ಸಾಣೆಕಲ್ಲಿಗಾಗಿ ಮನೆಯೆಲ್ಲ ಮಟ್ಟ ಹುಡುಕಿದ್ದು

ನನ್ನ ಒಂದಿಂಚಿನ ಉಳಿಯ ಬಾಯಿ ಯಾಕೋ ಕಮಾನಿನ ಹಾಗೆ ಆಗುತ್ತಿತ್ತು. ಎರಡೂ ಮೂಲೆ ಸವೆದು, ನಡು ಮುಂದೆ. ಕೈ ಸರಿಯಿಲ್ಲ ಅಂತ ಎರಡು ತಿಂಗಳು ನನ್ನನ್ನೇ ಬೈದುಕೊಂಡೆ. ಒಂದು ದಿನ ಸಾಣೆಕಲ್ಲಿನ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟೆ. ನಡುವೆ ಬೆಳಕು ಧಾರಾಳವಾಗಿ ತೂರಿ ಬಂತು, ಅಂದರೆ ಕಲ್ಲಿನ ನಡುವೇ ತಗ್ಗು ಬಿದ್ದಿತ್ತು. ಪ್ರಿಂಟರ್ ಕಾಗದವನ್ನು ನಾಲ್ಕು ಪದರವಾಗಿ ಮಡಿಸಿ ತಳ್ಳಿದರೂ ಹೋಯಿತು. ಒಂದು ಪದರ ಸುಮಾರು 0.1 ಎಂ.ಎಂ., ಲೆಕ್ಕ ನೀವೇ ಹಾಕಿ.

ಕಲ್ಲನ್ನು ಉಜ್ಜಿ ಸಮ ಮಾಡಬೇಕು, ಸರಿ. ಆದರೆ ಅಷ್ಟು ಸಮವಾದ ಯಾವುದರ ಮೇಲೆ ಉಜ್ಜೋದು?

ಮೊದಲು ಸ್ಕೇಲನ್ನೇ ಪರೀಕ್ಷೆ ಮಾಡಿದೆ. ಅದರ ಅಂಚಿಗೆ ಒಂದು ಗೆರೆ ಎಳೆದು, ಸ್ಕೇಲನ್ನು ಮಗುಚಿ, ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಮತ್ತೆ ಎಳೆದೆ. ಎರಡೂ ಕೂಡಿದವು. ಆಮೇಲೆ ಮನೆ ಸುತ್ತಿದೆ. ಹಾಲ್‌ನ ಟೈಲ್ಸ್‌ಗೆ ಸಣ್ಣ ಹೊಟ್ಟೆ ಇತ್ತು, ಸ್ಕೇಲು ನಡುವಿನ ಮೇಲೆ ತೂಗಾಡಿತು. ಹಳೆ ಕನ್ನಡಿ ಚೆನ್ನಾಗಿಯೇ ಇತ್ತು, ಆದರೆ 4 ಎಂ.ಎಂ. ಗಾಜು, ಒತ್ತಿದರೆ ಬಾಗುತ್ತದೆ. ಉಳಿದಿದ್ದು ಅಡುಗೆಮನೆ ಕಟ್ಟೆ. ಸಿಂಕ್ ಹತ್ತಿರ ತಗ್ಗು, ಸ್ಟವ್ ಪಕ್ಕ ಪರವಾಗಿಲ್ಲ. ಅಲ್ಲೇ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಹಾಸಿ ಶುರು ಮಾಡಿದೆ. ಪೇಪರ್ ಒಮ್ಮೆ ಜಾರಿತು ಅಷ್ಟೇ, ಕಪ್ಪು ಗ್ರಾನೈಟ್ ಮೇಲೆ ಬಿಳಿ ಗೀರು.

"ನಿನ್ನ ಕಲ್ಲಿಗೆ ನನ್ನ ಕಟ್ಟೇನೇ ಬೇಕಿತ್ತಾ?" ಅಂದರು ಅಮ್ಮ. ಉತ್ತರ ಇರಲಿಲ್ಲ.

ಕೊನೆಗೆ ಗಾಜಿನ ಅಂಗಡಿಗೆ ಹೋಗಿ 12 ಎಂ.ಎಂ. ಗಾಜಿನ ಕಟಿಂಗ್ ತುಂಡೊಂದನ್ನು ಆರಿಸಿ, ಅಂಚು ಉಜ್ಜಿಸಿಕೊಂಡು ತಂದೆ. ಈಗಿನ ಸಾದಾ ಗಾಜು ಬಹುತೇಕ ಫ್ಲೋಟ್ ಗಾಜು. ಕರಗಿದ ತವರದ ಮೇಲೆ ತೇಲಿಸಿ ಮಾಡುವುದರಿಂದ ತಾನಾಗಿ ಸಮತಟ್ಟಾಗಿರುತ್ತದೆ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಬೇಡ ಅಂತ ಹೇಳಿ ತಂದೆ. ಅದನ್ನು ಕಾಯಿಸುವಾಗ ರೋಲರ್ ಮೇಲೆ ಹಾಯಿಸುತ್ತಾರೆ, ಕಣ್ಣಿಗೆ ಕಾಣದಷ್ಟು ಅಲೆ ಉಳಿಯಬಹುದು.

ಕಟ್ಟೆ ಮೇಲೆ ಒದ್ದೆ ನ್ಯೂಸ್‌ಪೇಪರ್, ಅದರ ಮೇಲೆ ಗಾಜು, ಗಾಜಿನ ಮೇಲೆ ನೀರು ಚಿಮುಕಿಸಿ 220 ನಂಬರಿನ ವಾಟರ್ ಪೇಪರ್. ನೀರೇ ಅಂಟು. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೀಚಿ, ಕವುಚಿ ಹಾಕಿ ಉಜ್ಜಿದೆ. ಹತ್ತು ಎಳೆತಕ್ಕೆ ನಾಲ್ಕು ಮೂಲೆಯ ಗೆರೆ ಮಾಯ, ನಡುವೆ ಮೊಟ್ಟೆಯಾಕಾರದಲ್ಲಿ ಪೆನ್ಸಿಲ್ ಹಾಗೇ ಇತ್ತು. ಆ ಮೊಟ್ಟೆ ಚಿಕ್ಕದಾಗುತ್ತಾ ಹೋಗುವುದನ್ನು ನೋಡೋದೇ ಒಂದು ಮಜಾ. ಆಗಾಗ ಕಲ್ಲನ್ನು ತಿರುಗಿಸಬೇಕು, ಇಲ್ಲದಿದ್ದರೆ ಕೈ ಭಾರ ಒಂದೇ ಕಡೆ ಬೀಳುತ್ತದೆ. ಪೇಪರ್ ಎರಡು ಸವೆದವು, ಮುಕ್ಕಾಲು ಗಂಟೆ ಹಿಡಿಯಿತು.

ಮುಗಿದ ಮೇಲೆ ಹಳೆ ಟೂತ್‌ಬ್ರಷ್‌ನಲ್ಲಿ ಕಲ್ಲನ್ನು ಚೆನ್ನಾಗಿ ತೊಳೆದೆ. ಒರಟು ಪುಡಿ ಒಂದು ಕಣ ಸಿಕ್ಕಿಕೊಂಡರೂ ಉಳಿಯ ಮೇಲೆ ಗೀರು ಬೀಳುತ್ತದೆ. ಕಲ್ಲಿನ ಚೂಪಾದ ಅಂಚನ್ನೂ ಸ್ವಲ್ಪ ಉಜ್ಜಿ ಮೊಂಡು ಮಾಡಿದೆ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ.

ಈಗ ನಾಲ್ಕೈದು ಸಲ ಸಾಣೆ ಹಿಡಿದ ಮೇಲೆ ಮತ್ತೆ ಪೆನ್ಸಿಲ್ ಗೀಚಿ ಎರಡು ನಿಮಿಷ ಉಜ್ಜುತ್ತೇನೆ. ಗಾಜು ವಾಷಿಂಗ್ ಮೆಷಿನ್ ಹಿಂದೆ ಹಳೆ ಪಂಚೆಯಲ್ಲಿ ಸುತ್ತಿಕೊಂಡು ನಿಂತಿದೆ. ಕಟ್ಟೆಯ ಗೀರಿನ ಮೇಲೆ ಅಮ್ಮ ಎಣ್ಣೆ ಡಬ್ಬಿ ಇಟ್ಟಿದ್ದಾರೆ.