ಜರ್ಮನ್ ಓದಲು ಕಲಿಯುವುದು ಹೇಗೆ? ಕನ್ನಡದ ದಾರಿಯಲ್ಲೇ ಹೋಗಿ

ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ), ಜೈನ ಸಾಹಿತ್ಯ, ಸಂಸ್ಕೃತ, ಭಾಷಾಶಾಸ್ತ್ರ, ಇವುಗಳಲ್ಲಿ ಯಾವುದರ ಮೇಲೆ ಪಿಎಚ್.ಡಿ.ಗೆ ಕೂತರೂ ಒಂದಲ್ಲ ಒಂದು ದಿನ ಅಡಿಟಿಪ್ಪಣಿಯಲ್ಲಿ ಜರ್ಮನ್ ಎದುರಾಗುತ್ತದೆ. ಜೈನ ಆಗಮಗಳ ಬಗ್ಗೆ ಜರ್ಮನ್ ವಿದ್ವಾಂಸರಾದ ಹೆರ್ಮನ್ ಯಾಕೋಬಿ, ವಾಲ್ಟರ್ ಶೂಬ್ರಿಂಗ್ ಬರೆದದ್ದರಲ್ಲಿ ಬಹಳಷ್ಟು ಆ ಭಾಷೆಯಲ್ಲಿದೆ. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಿಂದ ಮಿಷನರಿಗಳು ಬಾಸೆಲ್‌ಗೆ ಕಳಿಸುತ್ತಿದ್ದ ವರದಿಗಳೂ ಹಾಗೆಯೇ.

ಆಗ ಹೆಚ್ಚಿನವರು ಓಡುವುದು ಮಾತಾಡುವ ಜರ್ಮನ್ ಕ್ಲಾಸಿಗೆ. ಎ1, ಎ2 ಎಂಬ ಮೊದಲ ಎರಡು ಹಂತ ಮುಗಿಯುವಷ್ಟರಲ್ಲಿ ಕಾಫಿ ತರಿಸಿಕೊಳ್ಳಲು, ರೈಲಿನ ಸಮಯ ಕೇಳಲು ಬರುತ್ತದೆ. ಏಳು ಸಾಲಿನ ಒಂದು ವಾಕ್ಯ ಬಂದರೆ ಮಾತ್ರ ಕೈಚೆಲ್ಲಿ ಕೂರುತ್ತಾರೆ. ಓದುವುದು ಬೇರೆಯೇ ವಿದ್ಯೆ. ಇಲ್ಲಿ ನೀವು ಒಂದು ವಾಕ್ಯವನ್ನೂ ಕಟ್ಟಬೇಕಿಲ್ಲ, ಕಟ್ಟಿದ್ದನ್ನು ಬಿಚ್ಚಲು ಬಂದರೆ ಸಾಕು. ದಿನಕ್ಕೆ 45 ನಿಮಿಷದಂತೆ ಆರು ತಿಂಗಳು ಕೊಡಿ. ಭಾನುವಾರ ಒಂದೇ ದಿನ ಐದು ಗಂಟೆ ಕೂರುವುದು ದಂಡ.

ಬೇಕಾಗುವ ಸಾಮಾನು

ಓದುವವರಿಗೆಂದೇ ಬರೆದ ಒಂದು ವ್ಯಾಕರಣ, ಒಂದು ದಪ್ಪ ಜರ್ಮನ್-ಇಂಗ್ಲಿಷ್ ನಿಘಂಟು, ಪೆನ್ಸಿಲ್, ಪಠ್ಯದ ಜೆರಾಕ್ಸ್. ಜೇಬಿನ ನಿಘಂಟು ಬೇಡವೇ ಬೇಡ, ಅದರಲ್ಲಿ ಪ್ರತಿ ಪದಕ್ಕೂ ಒಂದೇ ಅರ್ಥ ಇರುತ್ತದೆ, ನಿಮಗೆ ಬೇಕಾದದ್ದು ಮೂರನೆಯದು. ಮೂವತ್ತು ದಿನಗಳಲ್ಲಿ ಜರ್ಮನ್ ಕಲಿಸುವ ಪುಸ್ತಕಗಳನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಡಿ.

ಮೊದಲ ಮೂರು ವಾರ: ವಿಭಕ್ತಿ, ಕ್ರಿಯಾಪದ

ಡೆರ್, ಡೀ, ಡಾಸ್‌ಗಳ ಕೋಷ್ಟಕವನ್ನು ಬಾಯಿಪಾಠ ಮಾಡಬೇಕಿಲ್ಲ, ಎದುರಿಗೆ ಅಂಟಿಸಿಕೊಂಡರೆ ಸಾಕು. ನಾಮಪದಕ್ಕಿಂತ ಮುಂಚೆ ಬಂದು ಅದರ ಲಿಂಗ, ವಿಭಕ್ತಿ ತೋರಿಸುವ ಪುಟ್ಟ ಪದಗಳಿವು. ಒಂದು ಬಲೆ ಮಾತ್ರ ನೆನಪಿರಲಿ. ‘ಡೆರ್’ ಪುಲ್ಲಿಂಗದ ಹಿಂದೆ ಇದ್ದರೆ ಅದು ಕರ್ತೃ. ಸ್ತ್ರೀಲಿಂಗದ ಹಿಂದೆ ಇದ್ದರೆ ನಮ್ಮ ‘ಗೆ’ ಅಥವಾ ‘ಅ’ ಪ್ರತ್ಯಯ, ಬಹುವಚನದ ಹಿಂದೆ ಇದ್ದರೆ ‘ಗಳ’. ‘ಡೀ ಶೂಲೆನ್ ಡೆರ್ ಮಿಸ್ಸಿಯೋನ್’ ಎಂದರೆ ಮಿಷನ್ನಿನ ಶಾಲೆಗಳು.

ರೂಪ ಬದಲಿಸುವ ಕ್ರಿಯಾಪದಗಳು ಸುಮಾರು ನೂರೈವತ್ತು. ‘ತ್ಸೋಗ್’ ಎಂಬುದನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗದು, ಅದು ‘ತ್ಸೀಹೆನ್’ ಅಡಿಯಲ್ಲಿದೆ. ಬರು ಎಂಬುದು ಬಂದ ಆಗುವ ಭಾಷೆಯವರಿಗೆ ಇದು ಹೊಸದಲ್ಲ. ದಿನಕ್ಕೆ ಹತ್ತರಂತೆ ಕಲಿಯಿರಿ.

ವಾಕ್ಯ ಬಿಡಿಸುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ಕಾರಣ ಒಂದೇ: ಜರ್ಮನ್ ಪದಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸುತ್ತಾ ಹೋಗುತ್ತಾರೆ. ಇಂಗ್ಲಿಷಿಗೆ ಒಗ್ಗದ ಜರ್ಮನ್ ಜೋಡಣೆಗಳಲ್ಲಿ ಮುಖ್ಯವಾದವು ಕನ್ನಡಕ್ಕೆ ಸಲೀಸಾಗಿ ಒಗ್ಗುತ್ತವೆ. ಈ ವಾಕ್ಯ ನೋಡಿ:

‘ಡೀ ಇಮ್ ಯಾರೆ 1841 ಫೊನ್ ಡೆರ್ ಬಾಸ್ಲರ್ ಮಿಸ್ಸಿಯೋನ್ ಇನ್ ಮಂಗಳೂರ್ ಗೆಗ್ರ್ಯುಂಡೆಟೆ ಡ್ರುಕೆರೈ ಗಾಬ್ 1843 ಡೀ ಎರ್ಸ್ಟೆ ತ್ಸೈಟುಂಗ್ ಇನ್ ಕನರೇಸಿಶರ್ ಶ್ಪ್ರಾಖೆ ಹೆರೌಸ್.’

ಪೆನ್ಸಿಲ್ ತೆಗೆದುಕೊಳ್ಳಿ. ಮೊದಲು ಪ್ರಧಾನ ಕ್ರಿಯಾಪದಕ್ಕೆ ಅಡಿಗೆರೆ. ಸಾದಾ ವಾಕ್ಯದಲ್ಲಿ ಅದರ ಜಾಗ ಎರಡನೆಯದು. ಎರಡನೇ ಪದ ಎಂದಲ್ಲ, ಎರಡನೇ ಗುಂಪು. ಇಲ್ಲಿ ‘ಡೀ’ಯಿಂದ ‘ಡ್ರುಕೆರೈ’ವರೆಗೆ ಒಂದೇ ಗುಂಪು, ಆಮೇಲೆ ಬರುವ ‘ಗಾಬ್’ ಕ್ರಿಯಾಪದ. ನಿಘಂಟು ಅದಕ್ಕೆ ‘ಕೊಟ್ಟಿತು’ ಎನ್ನುತ್ತದೆ. ಅಲ್ಲಿಗೇ ನಿಂತರೆ ಕೆಟ್ಟಿರಿ. ಕಣ್ಣನ್ನು ನೇರ ವಾಕ್ಯದ ಕೊನೆಗೆ ಓಡಿಸಿ: ‘ಹೆರೌಸ್’, ಅಂದರೆ ಹೊರಗೆ. ಎರಡನ್ನೂ ಸೇರಿಸಿ ‘ಹೆರೌಸ್‌ಗೇಬೆನ್’ ಎಂದು ಹುಡುಕಬೇಕು. ಅರ್ಥ: ಪ್ರಕಟಿಸು, ಹೊರತರು. ನಮ್ಮ ‘ಹೊರ’ ಕೂಡ ಹೀಗೇ ಅರ್ಥ ತಿರುಗಿಸುತ್ತದೆ, ಆದರೆ ಕ್ರಿಯಾಪದ ಬಿಟ್ಟು ಹತ್ತು ಪದ ದೂರ ಹೋಗಿ ಕೂರುವುದಿಲ್ಲ. ‘ಶ್ಟೆಲ್ಟೆ’ ಕಂಡರೂ ಕೊನೆ ನೋಡದೆ ಮುಂದೆ ಹೋಗಬೇಡಿ. ಅಲ್ಲಿ ‘ಫೆಸ್ಟ್’ ಇದ್ದರೆ ಖಚಿತಪಡಿಸಿದ, ‘ಡಾರ್’ ಇದ್ದರೆ ನಿರೂಪಿಸಿದ, ‘ಫೋರ್’ ಇದ್ದರೆ ಪರಿಚಯಿಸಿದ.

ಈಗ ಆ ದೊಡ್ಡ ಗುಂಪು. ‘ಡೀ’ ಆದ ಮೇಲೆ ನಾಮಪದ ಬರಬೇಕಿತ್ತು, ‘ಇಮ್’ ಬಂದಿದೆ. ಡೆರ್, ಡೀ, ಡಾಸ್‌ಗಳ ಬೆನ್ನಿಗೇ ಇಮ್, ಫೊನ್, ಇನ್‌ನಂಥ ಪದ ಕಂಡರೆ ಕಂಸ ತೆರೆಯಿರಿ. ಬಲಕ್ಕೆ ಹೋಗಿ, ‘-ಟೆ’ ಅಥವಾ ‘-ಎನೆ’ ಎಂದು ಮುಗಿಯುವ ಕೃದಂತ ಸಿಕ್ಕ ಕೂಡಲೇ ಕಂಸ ಮುಚ್ಚಿ. ಇಲ್ಲಿ ಅದು ‘ಗೆಗ್ರ್ಯುಂಡೆಟೆ’, ಸ್ಥಾಪಿಸಿದ. ಅದರ ಮುಂದಿನ ‘ಡ್ರುಕೆರೈ’, ಮುದ್ರಣಾಲಯವೇ ‘ಡೀ’ಯ ಒಡತಿ. ಕಂಸದೊಳಗಿನದನ್ನು ಬಂದ ಕ್ರಮದಲ್ಲೇ ಓದಿ: 1841ರಲ್ಲಿ, ಬಾಸೆಲ್ ಮಿಷನ್‌ನಿಂದ, ಮಂಗಳೂರಿನಲ್ಲಿ, ಸ್ಥಾಪಿಸಲಾದ, ಮುದ್ರಣಾಲಯ. ಒಂದು ಪದವನ್ನೂ ಕದಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಾದರೆ ಮುದ್ರಣಾಲಯವನ್ನು ಮುಂದಕ್ಕೆ ಎಳೆದು ತಂದು ಉಳಿದದ್ದನ್ನು ಬಾಲವಾಗಿ ಕಟ್ಟಬೇಕು. ಅಲ್ಲೇ ಗೋಜಲು ಹುಟ್ಟುವುದು. ವಾಕ್ಯದ ಉಳಿದ ಭಾಗ: 1843ರಲ್ಲಿ ಕನ್ನಡ ಭಾಷೆಯ ಮೊದಲ ಪತ್ರಿಕೆಯನ್ನು ಹೊರತಂದಿತು.

ಕೊನೆಗೆ ಯಾರು ಯಾರಿಗೆ ಮಾಡಿದರು ಎಂದು ನೋಡಿ. ಮೊದಲು ಬಂದದ್ದೇ ಕರ್ತೃ ಎಂಬ ನಂಬಿಕೆಯೂ ಇಂಗ್ಲಿಷಿನ ಚಾಳಿ. ‘ಡೆನ್ ಮಿಸ್ಸಿಯೊನಾರ್ ಪ್ಫ್ಲೇಗ್ಟೆ ಡೆರ್ ಆರ್ಟ್ಸ್ಟ್’ ಎಂದರೆ ಮಿಷನರಿಯನ್ನು ವೈದ್ಯ ಉಪಚರಿಸಿದ. ‘ಡೆನ್’ ಇಲ್ಲಿ ನಮ್ಮ ‘ಅನ್ನು’. ಬೇಗ ಓದಿದವರ ಟಿಪ್ಪಣಿಯಲ್ಲಿ ವೈದ್ಯನೇ ರೋಗಿಯಾಗಿರುತ್ತಾನೆ.

‘ವೈಲ್’, ‘ಡಾಸ್’ (ಮೇಲಿನ ಲಿಂಗಸೂಚಕ ‘ಡಾಸ್’ ಅಲ್ಲ, ‘ಎಂದು’ ಎಂಬರ್ಥದ್ದು), ‘ಓಪ್‌ವೋಲ್’ಗಳಿಂದ ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ. ಅದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ.

ಉದ್ದ ಪದಗಳು

ಸಮಾಸ ಗೊತ್ತಿದ್ದರೆ ಇದು ಎರಡು ದಿನದ ಕೆಲಸ. ಕೊನೆಯ ಪದವೇ ಪ್ರಧಾನ, ಬಲದಿಂದ ಬಿಡಿಸಿ. ‘ಮಿಸ್ಸಿಯೋನ್ಸ್-ಹಾಂಡ್ಲುಂಗ್ಸ್-ಗೆಸೆಲ್‌ಶಾಫ್ಟ್’: ಸಂಘ, ಎಂಥದ್ದು? ವ್ಯಾಪಾರದ್ದು, ಯಾರದ್ದು? ಮಿಷನ್ನಿನದು. 1859ರಲ್ಲಿ ಶುರುವಾದ ಬಾಸೆಲ್ ಮಿಷನ್ ವ್ಯಾಪಾರ ಕಂಪನಿಯ ಹೆಸರೇ ಇದು. ನಡುವಿನ ‘ಸ್’ ಬರೀ ಅಂಟು, ಅದಕ್ಕೆ ಅರ್ಥ ಹುಡುಕಬೇಡಿ.

‘ಅಂತೆ’ಯನ್ನು ಕಳೆದುಕೊಳ್ಳಬೇಡಿ

ಸಂಶೋಧಕರ ಮಾನ ಹೋಗುವುದು ಇಲ್ಲಿ. ‘ಡಾಸ್ ವೊರ್ಟ್ ಇಸ್ಟ್ ಡ್ರಾವಿಡಿಶ್’ ಎಂದರೆ ಆ ಪದ ದ್ರಾವಿಡ ಮೂಲದ್ದು, ಲೇಖಕರ ಮಾತು. ‘ಇಸ್ಟ್’ ಜಾಗದಲ್ಲಿ ‘ಝೈ’ ಇದ್ದರೆ ಅದು ದ್ರಾವಿಡ ಮೂಲದ್ದಂತೆ, ಬೇರೆ ಯಾರದೋ ಮಾತು. ಮುಂದಿನ ಪುಟದಲ್ಲಿ ಲೇಖಕರು ಅದನ್ನೇ ಖಂಡಿಸುತ್ತಿರಬಹುದು. ‘ಹಾಟ್’ ಇರಬೇಕಾದಲ್ಲಿ ‘ಹಾಬೆ’ ಕಂಡರೂ ಅದೇ ಸೂಚನೆ. ಇಂಥಲ್ಲಿ ಅಂಚಿನಲ್ಲಿ ‘ಅಂತೆ’ ಎಂದು ಬರೆದುಬಿಡಿ. ‘ವೋಲ್’ ಮತ್ತು ‘ಡ್ಯುರ್ಫ್‌ಟೆ’ಗಳು ‘ಬಹುಶಃ’, ‘ಇರಬಹುದು’ ಎನ್ನುತ್ತವೆ. ‘ತ್ಸ್ವಾರ್’ ಬಂದರೆ ಮುಂದೆ ಒಂದು ‘ಆದರೆ’ ಕಾದಿದೆ, ಅದು ಬರುವ ಮುನ್ನ ಉಲ್ಲೇಖ ಕತ್ತರಿಸಬೇಡಿ. ಇಂಗ್ಲಿಷಿನಂತೆ ಕಾಣುವ ‘ಎವೆಂಟುಎಲ್’ ಎಂದರೆ ಕೊನೆಗೆ ಎಂದಲ್ಲ, ಒಂದು ವೇಳೆ. ‘ಆಲ್ಜೊ’ ಎಂದರೆ ಕೂಡ ಎಂದಲ್ಲ, ಆದ್ದರಿಂದ.

ಅನುವಾದದ ಯಂತ್ರಗಳ ಬಗ್ಗೆ ಕೇಳುತ್ತೀರಿ. ಯಾವ ಲೇಖನ ಓದಬೇಕು, ಯಾವುದು ಬೇಡ ಎಂದು ಆರಿಸಲು ಬಳಸಿ. ಉಲ್ಲೇಖಿಸುವ ವಾಕ್ಯಕ್ಕೆ ಮಾತ್ರ ಬೇಡ. ಈ ‘ಅಂತೆ’ಯನ್ನು ಅವು ಎಷ್ಟೋ ಸಲ ನುಂಗಿಹಾಕುತ್ತವೆ, ನುಂಗಿದ ಗುರುತೂ ಉಳಿಯುವುದಿಲ್ಲ.

ಯಾವುದರಿಂದ ಶುರು?

ಕಾಂಟ್, ಹೆಗೆಲ್‌ರಿಂದ ಖಂಡಿತ ಅಲ್ಲ. ನೀವು ಈಗಾಗಲೇ ಓದಿರುವ ಪುಸ್ತಕಕ್ಕೆ ಬಂದ ಎರಡು ಪುಟದ ಜರ್ಮನ್ ವಿಮರ್ಶೆ ಹಿಡಿಯಿರಿ, ವಿಷಯ ಗೊತ್ತಿದ್ದರೆ ಅರ್ಧ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ. ಮೊದಲ ತಿಂಗಳು ದಿನಕ್ಕೆ ಹತ್ತು ಸಾಲು ಸಾಕು. ಕನ್ನಡ ಅನುವಾದವನ್ನು ಕೈಯಲ್ಲೇ ಬರೆಯಿರಿ.

ಹಳೆಯ ಅಚ್ಚು

ಹತ್ತೊಂಬತ್ತನೇ ಶತಮಾನದ ಮಿಷನ್ ಪತ್ರಿಕೆಗಳು ಫ್ರಾಕ್ಟೂರ್ ಎಂಬ ಮುರಿದ ಅಕ್ಷರದಲ್ಲಿವೆ. ಒಂದು ವಾರದಲ್ಲಿ ಕಣ್ಣು ಪಳಗುತ್ತದೆ. ಪದದ ಆದಿ ಮಧ್ಯಗಳ ಉದ್ದ ‘ಎಸ್’ ಥೇಟ್ ‘ಎಫ್’ನಂತಿದೆ, ಎಡಗಡೆ ಮಾತ್ರ ಮೊಳೆ, ಅಡ್ಡಗೆರೆ ಪೂರ್ತಿ ದಾಟಿರುವುದಿಲ್ಲ. ಸ್ಕ್ಯಾನ್‌ನಿಂದ ತಾನಾಗಿ ತೆಗೆದ ಪಠ್ಯದಲ್ಲಿ ‘ಝೈನ್’ (ಇರು) ಎಂಬುದು ‘ಫೈನ್’ (ನವಿರು) ಆಗಿರುತ್ತದೆ, ಹುಡುಕುವಾಗ ಎರಡನ್ನೂ ಕೊಡಿ. ಪದದ ನಡುವೆ ಗುಂಡು ‘ಎಸ್’ ಸಿಕ್ಕರೆ ಅದು ಸಾಮಾನ್ಯವಾಗಿ ಸಮಾಸದ ಕೀಲು, ಅಲ್ಲೇ ಪದ ಒಡೆಯಿರಿ. 1901ರ ಕಾಗುಣಿತ ಸಮ್ಮೇಳನಕ್ಕೆ ಹಿಂದಿನ ಪುಸ್ತಕವಾದರೆ ಜರ್ಮನ್ನಿನದೇ ಆದ ಪದಗಳಲ್ಲಿ ‘ಟಿ’ ಬೆನ್ನಿಗೆ ಬರುವ ‘ಎಚ್’ ತೆಗೆದು ನಿಘಂಟು ನೋಡಿ. ಭಾಗ ಎಂಬರ್ಥದ ‘ಟೈಲ್’ ಆಗ ‘ಎಚ್’ ಸಮೇತ ಇತ್ತು.

ಮಿಷನರಿಗಳ ಕೈಬರಹ ಬೇರೆಯದೇ ಲಿಪಿ, ಹೆಸರು ಕುರೆಂಟ್. ಅದರಲ್ಲಿ ‘ಇ’ ಇಂದಿನ ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೊಂದು ಕೊಂಕು ಇರುತ್ತದೆ. ಅಚ್ಚಿನ ಪುಟ ಸಲೀಸಾಗುವವರೆಗೆ ಅದರ ತಂಟೆಗೆ ಹೋಗಬೇಡಿ. ಹೋಗುವಾಗ ಊರು, ಜನರ ಹೆಸರುಗಳಿಂದ ಶುರುಮಾಡಿ. ಧಾರವಾಡ, ಹುಬ್ಬಳ್ಳಿ ಎಂದು ಗುರುತು ಸಿಕ್ಕ ಪದಗಳಿಂದ ಆ ಕೈಯ ಅಕ್ಷರಮಾಲೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬರೆದವರು ಬದಲಾದರೆ ಹಾಳೆಯೂ ಬದಲು.