ಬಾಖ್‌ನ ಗವಾಟಿಗೆ ಶೋರೊ ನಡೆ ಕೂರಿಸುವುದು

ಬರೋಕ್ (ಬಾಖ್‌ನ ಕಾಲದ ಯುರೋಪಿನ) ಪಿಟೀಲಿಗೆ ಬ್ರೆಜಿಲ್ ಲಯ ಸೇರಿಸಲು ಹೊರಟವರು ಹೆಚ್ಚಾಗಿ ಅಲ್ಲಿನ ಬೋಸಾ ನೋವಾ ಶೈಲಿಗೆ ಕೈಹಾಕುತ್ತಾರೆ. ಬೇಡ. ಅದರ ತುಂಬಿದ ಕಾರ್ಡ್‌ಗಳಲ್ಲಿ (ಒಟ್ಟಿಗೆ ಮೀಟುವ ಸ್ವರಗುಂಪು) ಬಾಖ್‌ನ ಸ್ವರಗಳು ಮಬ್ಬಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ರಿಯೊ ದೆ ಜನೈರೊದಲ್ಲಿ ಹುಟ್ಟಿದ ವಾದ್ಯಸಂಗೀತ ಶೋರೊ ಸಲೀಸು: ಎರಡೆಣಿಕೆಯ ತಾಳ, ಮತ್ತೆ ಮತ್ತೆ ಮರಳುವ ಪಲ್ಲವಿ. ಬಾಖ್‌ನ 1720ರ ಹಸ್ತಪ್ರತಿಯ ಇ ಮೇಜರ್ ಪಾರ್ತಿತಾದಲ್ಲಿರುವ (ಒಂಟಿ ಪಿಟೀಲಿನ ನೃತ್ಯಮಾಲಿಕೆ) ಗವಾಟು ಎಂಬ ನೃತ್ಯದ ಪಲ್ಲವಿಯೂ ಹಾಗೆಯೇ. ಎಂಟು ಬಾರ್ (ತಾಳದ ಆವರ್ತ) ಉದ್ದದ್ದು, ನಡುವಿನ ಪ್ರತಿ ಕವಲು ಮುಗಿದಾಗಲೂ ಹಿಂದಿರುಗುತ್ತದೆ.

ಗುಟ್ಟು ಎತ್ತುಗಡೆಯಲ್ಲಿದೆ. ಗವಾಟು ಅರ್ಧ ಬಾರ್ ಮೊದಲೇ ಶುರುವಾಗುತ್ತದೆ. ಗವಾಟಿನ ಒಂದು ಬಾರನ್ನು ಶೋರೊದ ಒಂದು ಬಾರ್‌ಗೆ ಹೊಂದಿಸಿ; ಆಗ ಪಿಟೀಲು ಎತ್ತುವ ಜಾಗವೂ ತಾಳವಾದ್ಯದ ಭಾರವಾದ ಎರಡನೆಯ ಪೆಟ್ಟೂ ಒಂದೇ ಆಗುತ್ತವೆ. ಭಾರವನ್ನು ಮೊದಲ ಎಣಿಕೆಗೆ ತಂದರೆ ಕವಾಯತಿನ ಸದ್ದಾಗುತ್ತದೆ.

ಶೋರೊದ ಗೆಜ್ಜೆದಮ್ಮಡಿ ಪಾಂಡೇರೊ ಸಿಗದಿದ್ದರೆ ಕಂಜಿರ ಸಾಕು. ಪ್ರತಿ ಎಣಿಕೆಗೆ ‘ತಕಧಿಮಿ’: ಹೆಬ್ಬೆರಳು, ಬೆರಳ ತುದಿ, ಅಂಗೈ ಬುಡ, ಬೆರಳ ತುದಿ. ಮೊದಲ ಎಣಿಕೆಯಲ್ಲಿ ಚರ್ಮವನ್ನು ಕೆಳಗಿನಿಂದ ಒತ್ತಿ ಸದ್ದು ಮುಚ್ಚಿ, ಎರಡನೆಯದರಲ್ಲಿ ಬಿಡಿ. ನಿಮಿಷಕ್ಕೆ 60 ಎಣಿಕೆಯಿಂದ ಶುರುಮಾಡಿ, 72ರ ಆಚೆ ಅವಸರ ಬೇಡ.

ಮೊದಲ ಪಲ್ಲವಿಯನ್ನು ಬರೆದಂತೆಯೇ ನುಡಿಸಿ. ಮರಳಿದಾಗ, ಒಂದು ಎಣಿಕೆಯೊಳಗೆ ಒಂದು ಉದ್ದ, ಎರಡು ಗಿಡ್ಡ ಸ್ವರ ಇರುವಲ್ಲಿ ಉದ್ದವನ್ನು ನಡುವಿಗೆ ತನ್ನಿ: ‘ತಾ ತಕ’ ಇದ್ದದ್ದು ‘ತ ಕಾ ತ’ ಆಗುತ್ತದೆ. ಸ್ವರ ಅವೇ, ಭಾರ ಮಾತ್ರ ಬೇರೆ. ನಾಲ್ಕು ಬಾರ್‌ಗಳಲ್ಲಿ ಎರಡು ಕಡೆ ಸಾಕು. ಎಲ್ಲ ಕಡೆ ಮಾಡಿದರೆ ಮಜಾ ಸತ್ತುಹೋಗುತ್ತದೆ. ಜೋಡಿ ತಂತಿಯ ಮುಕ್ತಾಯಗಳನ್ನು ಮುಟ್ಟಬೇಡಿ. ಕಮಾನನ್ನು ಬುಡದಿಂದ ನಾಲ್ಕು ಬೆರಳಷ್ಟು ಮೇಲೆ ಹಿಡಿದರೆ ಪ್ರತಿ ಸ್ವರವೂ ತಾನಾಗಿ ಕ್ಷೀಣಿಸುತ್ತದೆ, ನಡುವೆ ಕಂಜಿರಕ್ಕೆ ಜಾಗ ಸಿಗುತ್ತದೆ.

ಶೋರೊದ ನಾಲ್ಕು ತಂತಿಯ ಪುಟ್ಟ ಗಿಟಾರ್ ಕವಾಕಿನ್ಯೊ ಬದಲು ಗಿಟಾರ್‌ನ ಏಳನೆಯ ಮನೆಗೆ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಪಟ್ಟಿ) ಹಾಕಿ, ಮೇಲುಸ್ವರದ ನಾಲ್ಕು ತಂತಿಗಳಲ್ಲಿ ಎ ಕಾರ್ಡ್‌ನ ಆಕಾರ ಹಿಡಿಯಿರಿ. ಇ ಮೇಜರ್ ಬರುತ್ತದೆ. ಪಿಟೀಲನ್ನು ಬರೋಕ್ ಶ್ರುತಿಗೆ, ಅಂದರೆ ಅರ್ಧ ಸ್ವರ ಕೆಳಗೆ 415 ಹರ್ಟ್ಸ್‌ಗೆ ಇಳಿಸಿದ್ದರೆ ಕೇಪೊ ಆರನೆಯ ಮನೆಗೆ.

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರುಳಿನ ತಂತಿಯ ಆಸೆ ಬಿಡಿ, ಶ್ರುತಿ ನಿಲ್ಲುವುದಿಲ್ಲ. ತೇವಕ್ಕೆ ಕಮಾನಿನ ಕೂದಲೂ ಉದ್ದವಾಗುತ್ತದೆ. ತಿರುಪು ಕೊನೆಮುಟ್ಟಿದರೂ ಬಿಗಿಯಾಗದಿದ್ದರೆ ಕೂದಲು ಬದಲಿಸಬೇಕು. ಬಿರಡೆ ಕಚ್ಚಿಕೊಂಡರೆ ಬಲ ಹಾಕದೆ, ಹೊರಗೆಳೆದು ಪೆನ್ಸಿಲ್ ಸೀಸ ಬಳಿಯಿರಿ. ಸಡಿಲಾದ ಕಂಜಿರವನ್ನು ಒಲೆಯ ಶಾಖಕ್ಕೆ ದೂರದಿಂದ ಹಿಡಿಯಬಹುದು. ಪಿಟೀಲನ್ನು ಹಿಡಿದೀರಿ, ಜೋಕೆ, ಅಂಟು ಬಿಡುತ್ತದೆ.